ಬಾನೆಟ್ ಮೇಲಿನ ಸುತ್ತು ಗೀರುಗಳು

ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆಯಲ್ಲಿ ನನ್ನದೊಂದು ಕಾರು ಪೇಂಟಿಂಗ್ ಶೆಡ್ ಇತ್ತು. ಪಾಲಿಶ್ ಮಾಡುವ ಮೆಷಿನ್ ಊರಿಗೆಲ್ಲ ನನ್ನ ಹತ್ತಿರ ಮಾತ್ರ ಇದೆ ಅನ್ನೋ ಜಂಬವೂ ಇತ್ತು. ಒಂದು ಬೆಳಿಗ್ಗೆ ಲೇಡಿ ಡಾಕ್ಟರೊಬ್ಬರು ತಮ್ಮ ಕಪ್ಪು ಕಾರು ತಂದರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸುತ್ತು ಗೀರುಗಳು.

“ಇವು ಹೇಗಾದವು?” ಎಂದು ಕೇಳಿದರು.

ಅವರ ಡ್ರೈವರ್ ಮಾದಪ್ಪ ಪಕ್ಕದಲ್ಲೇ ನಿಂತಿದ್ದ. ನಾನು ತಡವರಿಸಿ, “ಧೂಳಿನ ಮೇಲೆ ಒಣಬಟ್ಟೆ ಉಜ್ಜಿದ್ರೆ ಹೀಗಾಗುತ್ತೆ ಮೇಡಂ” ಎಂದೆ.

ಡಾಕ್ಟರು ಕಾರು ಅಲ್ಲೇ ಬಿಟ್ಟು ಆಸ್ಪತ್ರೆಗೆ ನಡೆದರು. ಮಾದಪ್ಪನ ಮುಖ ಸಣ್ಣದಾಗಿತ್ತು. “ಅತ್ತು ವರ್ಸದಿಂದ ದಿನಾ ಒರೆಸಿವ್ನಿ ಕಣಣ್ಣ. ನಾನೇ ಕೆಡಿಸ್ಬುಟ್ನಾ?”

ನಾನು ಪಾಲಿಶ್ ಹಚ್ಚಿ ಮೆಷಿನ್ ಓಡಿಸಿದೆ. ಒಂದೇ ಕಡೆ ನಿಂತರೆ ಬಣ್ಣ ಸುಡುತ್ತೆ, ಕೈ ಆಡುತ್ತಲೇ ಇರಬೇಕು. ಅರ್ಧ ಬಾನೆಟ್ ಮುಗಿದಾಗ ಗೀರುಗಳೆಲ್ಲ ಮಾಯವಾಗಿ, ಕನ್ನಡಿಯ ಹಾಗೆ ಹೊಳೆಯಿತು. ಮಾದಪ್ಪ ಬಗ್ಗಿ ನೋಡಿ, “ನನ್ ಕೈಗೂ ಒಸಿ ಕೊಡಣ್ಣ” ಅಂದ.

ಆ ಮೆಷಿನ್ ಯಾರ ಕೈಗೂ ಕೊಟ್ಟವನಲ್ಲ ನಾನು. ಅವತ್ತು ಕೊಟ್ಟೆ. ಅವನ ಕೈ ಮೇಲೆ ನನ್ನ ಕೈಯಿಟ್ಟು ಕೊನೆಯ ಮೂಲೆಯನ್ನು ಅವನಿಂದಲೇ ಮಾಡಿಸಿದೆ.

ಸಂಜೆ ಡಾಕ್ಟರು ಬಂದು ಬೆರಗಾದರು. “ನಿಮ್ಮ ಡ್ರೈವರ್ರೂ ಕೈ ಹಾಕಿದ್ರು ಮೇಡಂ” ಎಂದೆ. ಮಾದಪ್ಪ ಎದೆಯುಬ್ಬಿಸಿ ನಿಂತ. ನಾನೂ ಅಷ್ಟೇ ಬೀಗಿದೆ.

ಮುಂದಿನ ವಾರ ತೆರಕಣಾಂಬಿಯ ಗಿರಾಕಿಯೊಬ್ಬರು ಕಾರು ತಂದು ನಿಲ್ಲಿಸಿ, ನನ್ನನ್ನೇ ಕೇಳಿದರು: “ಮಾದಪ್ಪ ಅನ್ನೋರು ಬಲು ಚೆಂದಾಗಿ ಪಾಲಿಶ್ ಮಾಡ್ತಾರಂತಲ್ಲ, ಅವರು ಎಷ್ಟೊತ್ಗೆ ಬತ್ತಾರೆ?”