ಮಣ್ಣನ್ನು ನಂಬದ ಮೇಸ್ತ್ರಿ

ಮೇಸ್ತ್ರಿಗೆ ಮನುಷ್ಯರ ಮೇಲೆ ಅನುಮಾನ, ಮಣ್ಣಿನ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚು ಅನುಮಾನ. ಅಳಿಯನಾಗುವವನ ಮನೆಗೆ ಮೊದಲ ಸಲ ಹೋದಾಗ, ಹುಡುಗನ ಮುಖ ನೋಡುವುದಕ್ಕೆ ಮುಂಚೆ ಹಿತ್ತಿಲ ಗೋಡೆಯನ್ನು ತಟ್ಟಿ ಕಿವಿಯಿಟ್ಟು ಕೇಳಿದ ಆಸಾಮಿ ಇವನು. ಗೋಡೆ ಗಟ್ಟಿಯಾಗಿತ್ತು, ಮದುವೆಯಾಯಿತು.

ಈ ರೋಗ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಸ್ವಂತವಾಗಿ ಕಟ್ಟಿದ ಮೊದಲ ತಡೆಗೋಡೆ ಒಂದೇ ಮಳೆಗಾಲಕ್ಕೆ ತುಂಬು ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿ ನಿಂತಿತು. ಊರೆಲ್ಲ ನಕ್ಕಿತು. ಅಂದಿನಿಂದ ಗುಂಡಿ ತೋಡಿ ನೋಡದೆ ಒಂದು ಕಲ್ಲನ್ನೂ ಇಟ್ಟವನಲ್ಲ. ಕೋಳಿಗೂಡಿಗೂ ಮೂರಡಿ ಗುಂಡಿ ತೋಡಿಸಿದ ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ಇಂಥವನ ಮಗಳು ಗುಡ್ಡದ ಇಳಿಜಾರಿನಲ್ಲಿ ಸೈಟು ನೋಡಿದಳು. ಆಸ್ಪತ್ರೆಯಲ್ಲಿ ನರ್ಸು ಅವಳು. ಬಸ್ ಡ್ರೈವರ್ ಗಂಡ, ಎರಡು ಮಕ್ಕಳೊಂದಿಗೆ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಏಳು ವರ್ಷ ಕಳೆದಿದ್ದಳು. ಸೈಟು ರಸ್ತೆಯಿಂದ ಇಪ್ಪತ್ತು ಮೆಟ್ಟಿಲು ಮೇಲೆ, ಅಂಗೈಯಂತೆ ಸಮತಟ್ಟು. ಸೋಮವಾರ ನೋಂದಣಿ. ಶನಿವಾರ ಬೆಳಿಗ್ಗೆ ಮೇಸ್ತ್ರಿ ಗುದ್ದಲಿ ಹಿಡಿದು ಹಾಜರಾದ.

"ಎಷ್ಟು ಚೆನ್ನಾಗಿದೆ ನೋಡಪ್ಪಾ! ಮಟ್ಟ ಮಾಡೋ ಕೆಲಸಾನೇ ಇಲ್ಲ," ಎಂದಳು ಮಗಳು.

"ಅದೇ ನನಗೆ ಸರಿ ಕಾಣ್ತಿಲ್ಲ. ಗುಡ್ಡದಲ್ಲಿ ಇಂಥ ಜಾಗ ತಾನಾಗಿ ಹುಟ್ಟಲ್ಲಮ್ಮ. ಯಾರೋ ಹುಟ್ಟಿಸಿರ್ತಾರೆ."

ಸೈಟಿನ ಅಂಚಿಗೆ ಹೋಗಿ ಬಗ್ಗಿ ನೋಡಿದ. ಅಲ್ಲಿನ ಮರಗಳೆಲ್ಲ ಬುಡದಲ್ಲಿ ಇಳಿಜಾರಿನತ್ತ ಬಾಗಿ, ಆಮೇಲೆ ಬುದ್ಧಿ ಬಂದಂತೆ ನೆಟ್ಟಗಾಗಿದ್ದವು. ಕಾಲಡಿಯ ಮಣ್ಣು ವರ್ಷವರ್ಷವೂ ಇಷ್ಟಿಷ್ಟೇ ಜಾರುತ್ತಿದ್ದರೆ ಮರ ಹೀಗೆ ಬೆಳೆಯುತ್ತದೆ. ಕರೆಂಟು ಕಂಬ ವಾಲಿತ್ತು. ಕೆಳಗಡೆ ಮೂರು ಮನೆ. ಮೊದಲನೆಯದರ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಓಡಿದ ಬಿರುಕಿಗೆ ಹೊಸ ಸಿಮೆಂಟು ಮೆತ್ತಿದ್ದರು. ಇಷ್ಟನ್ನೂ ಮೇಸ್ತ್ರಿ ಮನಸ್ಸಿನಲ್ಲೇ ಸೈಟಿನ ಮಾಲೀಕನ ತಲೆಗೆ ಕಟ್ಟಿದ.

ಮಾಲೀಕ ಒಬ್ಬ ಟೈಲರ್. ಫ್ಲಾಸ್ಕಿನಲ್ಲಿ ಚಹಾ ತಂದು, ಲೋಟ ಒರೆಸಿ ಒರೆಸಿ ಕೊಟ್ಟ. ಅತಿವಿನಯಂ ಧೂರ್ತಲಕ್ಷಣಂ ಎಂದುಕೊಂಡ ಮೇಸ್ತ್ರಿ ಲೋಟ ಮುಟ್ಟಲಿಲ್ಲ.

"ಇಷ್ಟು ಒಳ್ಳೆ ಜಾಗ ಇಟ್ಕೊಂಡು ನೀವ್ಯಾಕೆ ಮನೆ ಕಟ್ಟಲಿಲ್ಲ?"

"ಮಂಡಿ ನೋವು ಮೇಸ್ತ್ರಿ. ಈ ಮೆಟ್ಟಿಲು ಹತ್ತೋಕಾಗಲ್ಲ."

"ಇವತ್ತು ಹತ್ತಿದ್ರಲ್ಲ."

ಟೈಲರ್ ಪೆಚ್ಚಾದ. ಮಗಳು ಅಪ್ಪನನ್ನು ಕಣ್ಣಲ್ಲೇ ಗದರಿದಳು.

ಅಳಿಯ ಅಗೆಯಲು ನಿಂತ. ಎರಡಡಿ ಕೆಂಪು ಮಣ್ಣು. "ಗಟ್ಟಿ ಇದೆ ಮಾವ." "ಬಾಯಿ ಕಡಿಮೆ, ಗುದ್ದಲಿ ಜಾಸ್ತಿ ಆಡಿಸಿ ಅಳಿಯಂದಿರೇ." ಮೇಸ್ತ್ರಿ ಅಡಿಗೊಂದು ಹಿಡಿ ಮಣ್ಣು ತೆಗೆದು, ನೀರು ಚಿಮುಕಿಸಿ, ಜೇಡಿ ಎಷ್ಟಿದೆಯೆಂದು ಅಂಗೈಯಲ್ಲಿ ಬತ್ತಿಯಂತೆ ಹೊಸೆದು ನೋಡುತ್ತಿದ್ದ. ನಾಲ್ಕನೆಯ ಅಡಿಯಲ್ಲಿ ಇಟ್ಟಿಗೆಯ ಚೂರೊಂದು ಬಂತು. ಐದನೆಯ ಅಡಿಗೆ ಮಣ್ಣು ಇದ್ದಕ್ಕಿದ್ದಂತೆ ಕಪ್ಪಾಯಿತು. ಕೊಳೆತ ಬೇರು, ಹಳಸಿದ ವಾಸನೆ.

"ಹುಲ್ಲು ಬೆಳೀತಿದ್ದ ನಿಜವಾದ ನೆಲ ಇದು," ಎಂದ ಮೇಸ್ತ್ರಿ. "ಇದರ ಮೇಲಿರೋದೆಲ್ಲ ಯಾರೋ ಸುರಿದ ಮಣ್ಣು. ಮಧ್ಯೆ ಈ ಕೊಳೆತ ಪದರ. ನೀರಿಳಿದು ಇದು ನೆನೆದರೆ ಮೇಲಿನದೆಲ್ಲ ಒಟ್ಟಿಗೇ ಜಾರುತ್ತೆ, ಮನೆ ಸಮೇತ." ಟೈಲರನತ್ತ ತಿರುಗಿ ದನಿ ಏರಿಸಿದ. "ಮಕ್ಕಳು ಮಲಗೋ ಜಾಗ ಸ್ವಾಮಿ! ಮಣ್ಣು ತುಂಬಿಸಿ ಮಾರೋಕೆ ಮನಸ್ಸಾದ್ರೂ ಹೇಗೆ ಬಂತು?"

"ನಾನು ತಗೊಂಡಾಗಲೇ ಹೀಗಿತ್ತು ಮೇಸ್ತ್ರಿ. ನನ್ನ ಮಕ್ಕಳಾಣೆ."

"ಆಣೆ ಹಾಕೋರನ್ನ ಬೇಕಾದಷ್ಟು ನೋಡಿದ್ದೀನಿ."

ಹಾಗೆನ್ನುತ್ತಲೇ ಗುಂಡಿಯಿಂದ ಬಂದ ಹೆಂಟೆಯೊಂದನ್ನು ಒಡೆದ. ಒಳಗೆ ನೇರಳೆ ಬಣ್ಣ, ನಡುವೆ ಸುಣ್ಣದಂಥ ಬಿಳಿ ಗೆರೆ. ಇನ್ನೊಂದು ಒಡೆದ. ಅದೂ ಹಾಗೇ. ತಲೆಯೆತ್ತಿ ಗುಡ್ಡದ ಮೇಲಕ್ಕೆ ನೋಡಿದ.

ಈ ಗುಡ್ಡದಲ್ಲಿ ಆ ಮಣ್ಣು ಸಿಗುವುದು ಒಂದೇ ಕಡೆ, ಸೈಟಿನ ನೇರ ಮೇಲಿರುವ ಶಾಲೆಯ ಅಡಿಯಲ್ಲಿ. ಇಪ್ಪತ್ತೆಂಟು ವರ್ಷದ ಹಿಂದೆ ಶಾಲೆಗಾಗಿ ಗುಡ್ಡ ಕಡಿಸಿದವನು ಇವನೇ. ಕಡಿದ ಮಣ್ಣನ್ನು ಹೊತ್ತು ಸಾಗಿಸುವುದು ಯಾರಿಗೆ ಬೇಕಿತ್ತು? ಇಳಿಜಾರಿಗೆ ತಳ್ಳಿದರೆ ಕೆಲಸ ಮುಗಿಯಿತು. ಆಗೆಲ್ಲ ಮೇಸ್ತ್ರಿಗಳು ಮಾಡುತ್ತಿದ್ದುದೇ ಹಾಗೆ. ಕೆಳಗೆ ಬರೀ ಪೊದೆ ಇತ್ತು. ಶಾಲೆಯ ಅಡಿಪಾಯಕ್ಕೆ ಹದಿನಾಲ್ಕು ಗುಂಡಿ ತೋಡಿ ನೋಡಿದ ಅನುಮಾನದ ಮನುಷ್ಯ, ತಳ್ಳಿದ ಮಣ್ಣು ಎಲ್ಲಿ ಹೋಗಿ ಕೂತಿತೆಂದು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ತಾನು ಕಳ್ಳ, ಪರರ ನಂಬ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬೈಸಿಕೊಳ್ಳಲು ಟೈಲರ್ ಇದ್ದೇ ಇದ್ದ. ಆ ಯೋಚನೆ ಮೇಸ್ತ್ರಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಬಂತು, ಒಂದು ಗಳಿಗೆ ನಿಂತಿತು, ನಾಚಿಕೆಯಿಂದ ಮೈ ಬಿಸಿಯಾಯಿತು.

"ಟೈಲರೇ, ತಪ್ಪಾಯ್ತು. ಈ ಮಣ್ಣು ನಂದು," ಎಂದ. ಶಾಲೆಯ ಕಥೆಯನ್ನೆಲ್ಲ ಹೇಳಿದ. ಟೈಲರ್ ಮಂಡಿ ಹಿಡಿದುಕೊಂಡು ಗುಂಡಿಯ ಪಕ್ಕ ಕೂತ. ಅವನ ಸೈಟು ಇನ್ನು ಯಾರಿಗೂ ಬೇಡವಾದ ಸೈಟು.

ಮಗಳು ಅತ್ತಳು. ಏಳು ವರ್ಷದ ಆಸೆ, ಐದಡಿ ಗುಂಡಿಯಲ್ಲಿ ಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡವಳು ಅಂಚಿನಾಚೆಯ ಮೂರು ಮನೆಗಳನ್ನು ನೋಡಿ ಕೇಳಿದಳು, "ಅಪ್ಪಾ, ನಿನ್ನ ಮಣ್ಣು ಇಲ್ಲಿಗೇ ನಿಂತಿದ್ಯಾ?"

ಮೇಸ್ತ್ರಿ ಗುದ್ದಲಿ ಎತ್ತಿಕೊಂಡು ಮೆಟ್ಟಿಲಿಳಿದ. ಬಿರುಕಿನ ಮನೆಯ ಬಾಗಿಲು ತಟ್ಟಿದ. ಚಿಲಕದ ಸರಪಳಿ ತೆಗೆಯದೆ ಹೆಂಗಸೊಬ್ಬಳು ಇಣುಕಿದಳು. ಅವನು ವಿಷಯ ಹೇಳಿದ. ಅವಳು ಗುದ್ದಲಿಯನ್ನೊಮ್ಮೆ, ಅವನ ಮಣ್ಣುಗೈಯನ್ನೊಮ್ಮೆ ನೋಡಿದಳು.

"ಗೋಡೆ ಕೆಲಸ ಹುಡುಕ್ಕೊಂಡು ಬಂದು ಹೀಗೆ ಹೆದರಿಸೋರು ಬಹಳ ಜನ ಇದ್ದಾರೆ. ನಿಮ್ಮನ್ನ ನಾನ್ಯಾಕೆ ನಂಬಲಿ?"

"ನಂಬಬೇಡಮ್ಮ," ಎಂದ ಮೇಸ್ತ್ರಿ. "ಹೊರಗೆ ಬಂದು, ನಾನು ಅಗೆಯೋದನ್ನ ನಿಂತು ನೋಡು."