ರೌಂಡ್ ಫಿಗರ್ ಆಗುವವರೆಗೆ

ಭಾನುವಾರದ ಉದ್ದನೆಯ ಓಟದಲ್ಲಿ ನಮ್ಮ ಗುಂಪಿಗೆ ಒಂದು ಕ್ರಮವಿದೆ. ವಾಹನಗಳಿಗೆ ಎದುರಾಗಿ, ರಸ್ತೆಯ ಬಲ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ಓಡುತ್ತೇವೆ. ಮುಂದಿರುವವರು ಕಂಡದ್ದನ್ನು ಕೂಗಿ ಹೇಳಬೇಕು. ಗುಂಡಿ. ನಾಯಿ. ಬೈಕ್. ಲಾರಿ. ಕೇಳಿದವರು ಅದನ್ನೇ ಮತ್ತೆ ಕೂಗಿ ಹಿಂದಿನವರಿಗೆ ದಾಟಿಸಬೇಕು. ಕೊನೆಯವರೂ ಕೂಗಬೇಕು, ಅವರ ಹಿಂದೆ ಯಾರೂ ಇಲ್ಲದಿದ್ದರೂ. ಆ ಕೊನೆಯ ಕೂಗು ಕೇಳಿದರೆ ಎಲ್ಲರಿಗೂ ತಲುಪಿತು ಎಂದು ಮುಂದಿರುವವರಿಗೆ ಗೊತ್ತಾಗುತ್ತದೆ.

ಈ ಕ್ರಮ ಕಲಿಸಿದ್ದು ನಾವು ಕ್ಯಾಪ್ಟನ್ ಎಂದು ಕರೆಯುವ ಮನುಷ್ಯ. ಜಿಗಣಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ, ನಿವೃತ್ತಿಗೆ ಹತ್ತಿರ. ನಮ್ಮದು ನಾಲ್ಕೇ ಜನರ ಗುಂಪು. ಕ್ಯಾಪ್ಟನ್, ರಿಂಗ್ ರೋಡಿನ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಒಬ್ಬ ಗಡ್ಡದವನು, ನಾನು, ಮತ್ತು ನನ್ನ ಗೆಳತಿ. ಅವಳು ದಂತವೈದ್ಯೆ. ದೊಡ್ಡನೆಕ್ಕುಂದಿಯಲ್ಲಿ ಚಿಕ್ಕ ಕ್ಲಿನಿಕ್ ಇದೆ. ನಾನು ಮಹದೇವಪುರದಲ್ಲಿದ್ದೇನೆ. ಔಷಧ ಕಂಪನಿಯ ಲ್ಯಾಬಿನಲ್ಲಿ ಪ್ಲೇಟುಗಳ ಮೇಲೆ ಏನು ಬೆಳೆದಿದೆ ಎಂದು ನೋಡಿ, ನೋಡಿದ್ದನ್ನಷ್ಟೇ ಬರೆಯುವುದು ನನ್ನ ಉದ್ಯೋಗ.

ನಮ್ಮ ಕಡೆಯ ರಸ್ತೆಗಳಲ್ಲಿ ಉದ್ದ ಓಡಲು ಜಾಗವಿಲ್ಲ. ಅದಕ್ಕೇ ಬೆಳಕಾಗುವ ಮೊದಲೇ ಕಾರಿನಲ್ಲಿ ಜಿಗಣಿಗೆ ಹೋಗಿ, ಕೈಗಾರಿಕಾ ಪ್ರದೇಶದ ಒಂದು ಟೀ ಅಂಗಡಿಯ ಮುಂದಿನಿಂದ ಆನೇಕಲ್ ಕಡೆಗೆ ಓಡಿ ಮತ್ತೆ ಅಲ್ಲಿಗೇ ಬರುತ್ತಿದ್ದೆವು. ಭಾನುವಾರ ಅಲ್ಲಿ ಲಾರಿಗಳು ಕಡಿಮೆ.

ಕ್ಯಾಪ್ಟನ್ ಹೇಳುತ್ತಿದ್ದ ಮಾತುಗಳು ಹೆಚ್ಚೇನಿಲ್ಲ. ಉದ್ದನೆಯ ಓಟಕ್ಕೆ ಹೊಸ ಷೂ ಹಾಕಬೇಡಿ. ಬಾಯಾರುವ ಮೊದಲೇ ಕೊಡಗಟ್ಟಲೆ ಕುಡಿಯಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ಖರ್ಜೂರಕ್ಕೆ ಉಪ್ಪು ಹಚ್ಚಿ ಜೇಬಿನಲ್ಲಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಧಾನ. "ಮಾತಾಡ್ಕೊಂಡು ಓಡೋಕಾಗ್ತಿಲ್ಲ ಅಂದ್ರೆ ನೀವು ಜಾಸ್ತಿ ಸ್ಪೀಡಲ್ಲಿದೀರಿ ಕಣ್ರೀ. ಇದು ರೇಸಲ್ಲ, ಕಾಲಿಗೆ ಅಭ್ಯಾಸ." ಹಾಗಾಗಿ ಗೆಳತಿ ಮತ್ತು ನಾನು ಮಾತಾಡುತ್ತಲೇ ಓಡುತ್ತಿದ್ದೆವು. ನಾನು ದಾವಣಗೆರೆಯವಳು, ಅವಳು ಹುಬ್ಬಳ್ಳಿಯವಳು. ಮಂಡಕ್ಕಿಗೆ ಈರುಳ್ಳಿ ಯಾವಾಗ ಹಾಕಬೇಕು ಎನ್ನುವ ಜಗಳ ಎಷ್ಟೋ ವಾರ ನಡೆದಿತ್ತು.

"ನೀವಿಬ್ರೂ ಮ್ಯಾರಥಾನಲ್ಲಿ ಮಂಡಕ್ಕಿ ಅಂಗಡಿ ಇಟ್ಬಿಡಿ ಮೇಡಂ," ಎನ್ನುತ್ತಿದ್ದ ಗಡ್ಡದವನು. "ನಾನ್ ಓಡೋದ್ ಬಿಟ್ಟು ತಿಂತಾ ಕೂರ್ತೀನಿ."

ಈ ಓಟವೆಲ್ಲ ವರ್ಷಕ್ಕೊಮ್ಮೆ ಬರುವ ಮ್ಯಾರಥಾನಿಗೆ ತಯಾರಿ. ಹಿಂದಿನ ವರ್ಷ ಗೆಳತಿ ಅದನ್ನು ಮುಗಿಸಿರಲಿಲ್ಲ. ಕೊನೆಯ ಹಂತದಲ್ಲಿ ಕಾಲಿನ ಸ್ನಾಯು ಹಿಡಿದು ರಸ್ತೆಯ ಬದಿ ಕೂತುಬಿಟ್ಟಿದ್ದಳು. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನಿನಲ್ಲಿ ಬಂದಿಳಿದಳು. ಆ ವ್ಯಾನಿನ ಕಿಟಕಿಯಲ್ಲಿ ಎಲ್ಲರಿಗೂ ಮುಖ ತೋರಿಸಿಕೊಂಡು ಬಂದದ್ದನ್ನು ಅವಳು ಮರೆತಿರಲಿಲ್ಲ. "ಈ ಸಲ ಕೊನೀತನಕ ನನ್ ಬಾಜೂನ ಇರ್ತೀಯೇನು?" ಎಂದು ಕೇಳಿದ್ದಳು. ಇರುತ್ತೇನೆ ಎಂದಿದ್ದೆ.

ಓಟಗಾರರಿಗೆ ಒಂದು ಚಟವಿದೆ. ಕೈಯ ವಾಚು ಪೂರ್ತಿ ಸಂಖ್ಯೆ ತೋರಿಸಬೇಕು. ಮೂವತ್ತು ಕಿಲೋಮೀಟರ್ ಓಡಲು ಹೊರಟವರು ಮೂವತ್ತಕ್ಕೆ ಚೂರು ಕಡಿಮೆ ಇದ್ದರೆ ನಿಲ್ಲುವುದಿಲ್ಲ. ಮನೆಯ ಮುಂದೆ, ಪಾರ್ಕಿಂಗಿನಲ್ಲಿ, ಲಿಫ್ಟಿನ ಎದುರು, ಎಲ್ಲಾದರೂ ಅತ್ತಿತ್ತ ಓಡಿ ಸಂಖ್ಯೆ ತುಂಬಿಸುತ್ತಾರೆ. ನಾವು ಅದನ್ನು ರೌಂಡ್ ಮಾಡುವುದು ಎನ್ನುತ್ತೇವೆ. ಒಬ್ಬರು ರೌಂಡ್ ಮಾಡುವಾಗ ಮುಗಿಸಿದವರು ಕೂತು ಟೀ ಕುಡಿಯುತ್ತಾ, ಎರಡೂ ಕೈ ಮೇಲೆತ್ತಿ ಬೀಸಿ ಹುರಿದುಂಬಿಸುತ್ತಾರೆ. ಅದೂ ನಮ್ಮ ರೂಢಿಯೇ.

ಆ ಭಾನುವಾರ ಮೂವತ್ತು ಇತ್ತು. ಟೀ ಅಂಗಡಿಗೆ ವಾಪಸಾದಾಗ ಮೂವರ ವಾಚಿನಲ್ಲಿ ಮೂವತ್ತಾಗಿತ್ತು. ಗೆಳತಿ ಮಾತ್ರ ದಾರಿಯಲ್ಲಿ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋದಾಗ ವಾಚು ನಿಲ್ಲಿಸಿ, ಸ್ವಲ್ಪ ದೂರ ಬರುವವರೆಗೂ ಮತ್ತೆ ಶುರು ಮಾಡಲು ಮರೆತಿದ್ದಳು.

"ಅಯ್ಯೋ, ಇನ್ನೂ ಸ್ವಲ್ಪ ಕಮ್ಮಿ ತೋರಸಾಕತ್ತೈತಿ."

"ಕಾಲು ಓಡಿದೆಯಲ್ಲ, ಕೂತ್ಕೋ. ಟೀ ಆರುತ್ತೆ," ಎಂದೆ.

"ವಾಚಲ್ಲಿ ಬಂದಿಲ್ಲ ಅಂದ್ರೆ ಓಡೇ ಇಲ್ಲ ಅಂತ ಲೆಕ್ಕ ಮೇಡಂ," ಎಂದ ಗಡ್ಡದವನು. "ಹೋಗ್ಬನ್ನಿ, ನಿಮ್ ಬನ್ ನಾನು ಕಾಯ್ತೀನಿ."

"ನೀ ಕಾಯಂಗಿಲ್ಲ, ತಿಂತಿ," ಎಂದು ಹೊರಟಳು.

ಟೀ ಅಂಗಡಿಯಿಂದ ಸ್ವಲ್ಪ ಮುಂದೆ ಒಂದು ಕಾರ್ಖಾನೆಯ ಉದ್ದನೆಯ ಕಾಂಪೌಂಡ್. ನಡುವೆ ಹಸಿರು ಗೇಟು, ಗೇಟಿನ ಎರಡು ಕಡೆ ಸುಣ್ಣ ಬಳಿದ ಕಲ್ಲುಕಂಬಗಳು. ಅವಳು ಗೋಡೆಯ ಪಕ್ಕದಲ್ಲೇ ಕಾಂಪೌಂಡಿನ ತುದಿಯವರೆಗೆ ಹೋಗಿ ತಿರುಗಿದಳು. ಕಣ್ಣು ಮಣಿಕಟ್ಟಿನ ಮೇಲಿತ್ತು. ಆಗ ಗೇಟಿನ ಒಳಗಿನಿಂದ ಒಂದು ಲಾರಿ ಹಿಮ್ಮುಖವಾಗಿ ಹೊರಬರಲು ಶುರುಮಾಡಿತು. ಕರೆಂಟು ಹೋಗಿ ಪಕ್ಕದ ಕಾರ್ಖಾನೆಯ ಜನರೇಟರ್ ಓಡುತ್ತಿತ್ತು. ಬೇರೆ ಯಾವ ಶಬ್ದವೂ ಕೇಳುತ್ತಿರಲಿಲ್ಲ. ಕೂತವರಲ್ಲಿ ಆ ಕಡೆಗೆ ಮುಖ ಇದ್ದದ್ದು ನನ್ನೊಬ್ಬಳದೇ.

ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೀಸಿದೆ. ಕೂಗಿದೆ ಕೂಡ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಕ್ಕಳು. ಹೆಬ್ಬೆರಳು ಎತ್ತಿ ತೋರಿಸಿ ಇನ್ನೂ ಜೋರಾಗಿ ಓಡಿದಳು. ಪ್ರತಿ ಭಾನುವಾರ ನಾವು ಕೈ ಬೀಸುತ್ತಿದ್ದದ್ದು ಹಾಗೆಯೇ.

ಲಾರಿಯ ಹಿಂಭಾಗ ಓರೆಯಾಗಿ ಗೇಟಿನ ಈ ಬದಿಯ ಕಂಬದ ಕಡೆಗೆ ಬರುತ್ತಿತ್ತು. ಅದಕ್ಕೂ ಕಂಬಕ್ಕೂ ನಡುವಿನ ಜಾಗಕ್ಕೆ ಅವಳು ಓಡಿಹೋದಳು. ಈ ಕಡೆಗೆ ಹೊರಬರಲಿಲ್ಲ. ಲಾರಿ ಇನ್ನೂ ಚಲಿಸುತ್ತಿತ್ತು.

ಆಮೇಲೆ ಗೇಟಿನ ಸೆಕ್ಯೂರಿಟಿಯವನು ಲಾರಿಯ ತಗಡಿಗೆ ಎರಡೂ ಕೈಯಿಂದ ಬಡಿಯುತ್ತಿದ್ದದ್ದು ಕಾಣಿಸಿತು. ಲಾರಿ ನಿಂತಿತು. ಅವಳು ಅಡ್ಡಡ್ಡಲಾಗಿ, ಹೊಟ್ಟೆ ಒಳಗೆಳೆದುಕೊಂಡು ಹೊರಬಂದಳು. ಮೊಣಕೈ ತರಚಿತ್ತು. ನಾನು ಓಡಿ ಅವಳ ಬಳಿ ಹೋದಾಗ ಅವಳ ಬೆನ್ನಿನ ಮೇಲೆ ಕಂಬದ ಸುಣ್ಣವಿತ್ತು, ಎದೆಯ ಮೇಲೆ ಲಾರಿಯ ಮಣ್ಣಿತ್ತು. ಅವಳು ವಾಚಿನ ಗುಂಡಿ ಒತ್ತಿ ನಿಲ್ಲಿಸಿದಳು.

"ಮೂವತ್ತು," ಎಂದಳು.

ಸೆಕ್ಯೂರಿಟಿಯವನು ಬೈಯುತ್ತಿದ್ದ. "ಏನಮ್ಮಾ ಇಂಗಾ ಓಡೋದು? ಗಾಡಿ ರಿವರ್ಸ್ ಬತ್ತೈತೆ ಅನ್ನೋ ಗ್ಯಾನ ಬ್ಯಾಡ್ವಾ?" ಡ್ರೈವರ್ ಇಳಿದು ಬಂದ. "ಅಕ್ಕಾರ, ನಾ ಕನ್ನಡ್ಯಾಗ ನೋಡೇ ಬಂದೀನ್ರಿ. ನೀವು ಎಲ್ಲಿಂದ ಬಂದ್ರಿ?" ಎಂದವನು ಉತ್ತರಕ್ಕೆ ಕಾಯದೆ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಕ್ಯಾಪ್ಟನ್ ಗೆಳತಿಗೆಂದು ಹಿಡಿದು ತಂದ ಟೀಯನ್ನು ಅವನಿಗೆ ಕೊಟ್ಟರು.

ಕಾರಿನಲ್ಲಿ ವಾಪಸು ಬರುವಾಗ ಗೆಳತಿ ಎಂದಿನಂತೆ ಮಾತಾಡಿದಳು. "ಗಾಡಿ ಬಂತು, ಸ್ವಲ್ಪ ಸರದು ನಿಂತ್ನಿ, ಅಷ್ಟ," ಎಂದಳು. ಅವಳಿಗೆ ಅಷ್ಟೇ ಗೊತ್ತಿತ್ತು. ಅವಳ ಎದುರಿಗಿದ್ದದ್ದು ಬರೀ ತಗಡು. ಅಂಗಿ ಒಗೆದಾಗ ಸುಣ್ಣವೂ ಮಣ್ಣೂ ಹೋಗಿರಬೇಕು.

ಮನೆಯಲ್ಲಿ ಹೇಳಿದಾಗ ಅತ್ತೆ ದೇವರ ಕೋಣೆಗೆ ಹೋಗಿ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದರು. ಅಪಾಯ ನನಗಲ್ಲ, ಅವಳಿಗೆ ಎಂದರೂ ಹಚ್ಚಿದರು. ಗಂಡ, "ಏನೂ ಆಗ್ಲಿಲ್ವಲ್ಲ, ಬಿಡು," ಎಂದ. ನಿಜ, ಏನೂ ಆಗಿರಲಿಲ್ಲ. ಸೋಮವಾರ ಲ್ಯಾಬಿಗೆ ಹೋದೆ, ಪ್ಲೇಟುಗಳನ್ನು ನೋಡಿದೆ, ಕಂಡದ್ದನ್ನು ಬರೆದೆ. ಊಟದ ರುಚಿ ಗೊತ್ತಾಗುತ್ತಿರಲಿಲ್ಲ, ಆದರೆ ಊಟ ಮಾಡುತ್ತಿದ್ದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆದರೆ ಅದು ಪೂರ್ತಿ ನಿಲ್ಲುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಭಯವೇನೂ ಆಗುತ್ತಿರಲಿಲ್ಲ. ಕಾಲು ಮುಂದೆ ಹೋಗುತ್ತಿರಲಿಲ್ಲ, ಅಷ್ಟೇ. ತಲೆಯೊಳಗೆ ಅವಳು ನಗುತ್ತಿದ್ದಳು, ಹೆಬ್ಬೆರಳು ಎತ್ತುತ್ತಿದ್ದಳು, ಕಂಬದ ಕಡೆಗೆ ಓಡುತ್ತಿದ್ದಳು. ಅಲ್ಲಿಗೆ ನಿಂತು ಮತ್ತೆ ಮೊದಲಿನಿಂದ. ಅವಳು ಹೊರಬಂದ ಭಾಗ ಬರುತ್ತಲೇ ಇರಲಿಲ್ಲ.

ಭಾನುವಾರಗಳನ್ನು ತಪ್ಪಿಸಿದೆ. ಮಂಡಿ ನೋವು ಎಂದು ಗುಂಪಿಗೆ ಮೆಸೇಜು ಹಾಕುತ್ತಿದ್ದೆ. ಒಂದು ಸಂಜೆ ಕ್ಲಿನಿಕ್ ಮುಚ್ಚಿ ಗೆಳತಿ ಮನೆಗೇ ಬಂದಳು.

"ಯಾವ ಕಾಲು?"

ಎಡಗಾಲು ತೋರಿಸಿದೆ.

"ಹೋದ ವಾರ ಬಲಗಾಲು ಅಂತ ಹಾಕಿದ್ದಿ. ನೋವೂ ರೌಂಡ್ ಮಾಡ್ತದೇನು?" ನಾನು ನಗಲಿಲ್ಲ. ಅವಳು ಪಕ್ಕದಲ್ಲಿ ಕೂತಳು. "ಏನ್ ನೋಡಿದಿ, ಹೇಳು."

ಹೇಳಿದೆ. ಲ್ಯಾಬಿನ ವರದಿಯಂತೆ, ಕಂಡ ಕ್ರಮದಲ್ಲಿ. ಅವಳು ಎರಡು ಅಂಗೈಗಳನ್ನು ಎದುರುಬದುರು ಹಿಡಿದು, "ಇಷ್ಟ ಜಾಗ ಇತ್ತೇನು?" ಎಂದು ಕೇಳಿದಳು. ನಾನು ಅವಳ ಕೈಗಳನ್ನು ಹಿಡಿದು ಇನ್ನಷ್ಟು ಹತ್ತಿರ ತಂದೆ. ಅವಳು ಆ ಸಂದನ್ನು ನೋಡುತ್ತಾ ಕೂತಳು. ಕೈ ಕೆಳಗಿಳಿಸಲು ಸಮಯ ಹಿಡಿಯಿತು.

"ನೀ ಬರದಿದ್ರೂ ನಾ ಮ್ಯಾರಥಾನ್ ಓಡ್ತೀನಿ," ಎಂದಳು ಕೊನೆಗೆ. "ಆದ್ರ ಕಾಲು ಹಿಡಿತಂದ್ರ ಕೂಡ್ತೀನಿ. ಕೂತ್ರ ಏಳಂಗಿಲ್ಲ. ನಂಗ ಗೊತ್ತೈತಿ." ಬಾಗಿಲಲ್ಲಿ ಷೂ ಹಾಕಿಕೊಳ್ಳುತ್ತಾ, "ಮ್ಯಾರಥಾನ್ ಮುಂಚೆ ಈ ಭಾನುವಾರ ಕಡೇ ಲಾಂಗ್ ರನ್," ಎಂದಷ್ಟೇ ಹೇಳಿದಳು.

ಹೋದೆ. ಯಾಕೆ ಹೋದೆ ಎಂದು ಹೇಳಲಾರೆ. ಅಲಾರಂ ಬಡಿಯಿತು, ಎದ್ದೆ. ಗಡ್ಡದವನು, "ಬಂದ್ರಾ ಮೇಡಂ, ಮಂಡಿ ಹೊಸದು ಹಾಕ್ಸಿದ್ರಾ?" ಎಂದ. ಕ್ಯಾಪ್ಟನ್ ಹೊಸ ನಿಯಮ ಹೇಳಿದರು: "ವಾಚು ಏನಾದ್ರೂ ತೋರಿಸ್ಲಿ. ಟೀ ಅಂಗಡಿ ಬಂತು ಅಂದ್ರೆ ಮುಗೀತು." ಎಲ್ಲರೂ ಒಪ್ಪಿದರು. ದಾರಿಯುದ್ದಕ್ಕೂ ಗೆಳತಿ ಮಂಡಕ್ಕಿಯ ವಿಷಯ ತೆಗೆಯುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಮಾತಾಡಲು ಆಗುತ್ತಿತ್ತು, ಆದ್ದರಿಂದ ವೇಗ ಸರಿಯಾಗಿತ್ತು.

ಟೀ ಅಂಗಡಿ ಬಂತು. ಕೂತೆವು. ಗೆಳತಿ ಅಭ್ಯಾಸಬಲದಿಂದ ಮಣಿಕಟ್ಟು ನೋಡಿಕೊಂಡಳು. ಮತ್ತೆ ಚೂರು ಕಡಿಮೆ. ಗಡ್ಡದವನು ತನ್ನ ಬನ್ನನ್ನು ನೋಡುತ್ತಿದ್ದ.

"ಬ್ಯಾಡ ಬಿಡ್ರಿ," ಎಂದಳು. ಆದರೆ ತೋಳು ಇಳಿಸಲಿಲ್ಲ. ಅವಳು ಹಸಿರು ಗೇಟನ್ನೂ ನೋಡುತ್ತಿದ್ದಳು. ನನ್ನ ಮನೆಯಲ್ಲಿ ತನ್ನ ಅಂಗೈಗಳ ಸಂದನ್ನು ನೋಡಿದ್ದಳಲ್ಲ, ಹಾಗೆಯೇ. ಇವಳಿಗೂ ಈಗ ಅದು ಕಾಣುತ್ತಿದೆ, ನಾನು ಹೇಳಿದ್ದರಿಂದ ಕಾಣುತ್ತಿದೆ ಎಂದುಕೊಂಡೆ. ಆ ಗೇಟನ್ನು ದಾಟದೆ ಅಲ್ಲೇ ಬಿಟ್ಟು ಹೋದರೆ ಮ್ಯಾರಥಾನಿನ ರಸ್ತೆಯಲ್ಲೂ ಇವಳು ಕೂತುಬಿಡುತ್ತಾಳೆ ಎನಿಸಿತು.

"ಏಳು," ಎಂದೆ. "ನಾನು ಮುಂದೆ ಇರ್ತೀನಿ."

ಕ್ಯಾಪ್ಟನ್ ಬಾಯಿ ತೆರೆದರು, ಮತ್ತೆ ಟೀ ಕುಡಿದರು.

ಗೋಡೆಯ ಪಕ್ಕ ಹೊರಟೆವು. ಗೇಟು ತೆರೆದಿತ್ತು. ಒಳಗೆ ಬೇರೊಂದು ಲಾರಿ, ಇಂಜಿನ್ ಓಡುತ್ತಿತ್ತು. ನಾನು ಗೇಟಿನ ನಡುವೆ ನಿಂತು ಕೈ ಅಡ್ಡ ಹಿಡಿದೆ. ಒಂದೇ ಕೈ. ಮೇಲೆತ್ತಿ ಬೀಸಲಿಲ್ಲ.

"ಏನ್ ಮೇಡಂ, ಟ್ರಾಫಿಕ್ ಡ್ಯೂಟಿನಾ?" ಎಂದು ಡ್ರೈವರ್ ಕಿಟಕಿಯಿಂದ ಕೇಳಿದ.

"ನಿಲ್ಸಣ್ಣೋ, ಆ ಯಮ್ಮ ಓಗ್ಲಿ," ಎಂದ ಅದೇ ಸೆಕ್ಯೂರಿಟಿಯವನು.

ಲಾರಿ ನಿಂತೇ ಇತ್ತು. ಆದರೂ ಕ್ರಮ ಕ್ರಮವೇ. "ಲಾರಿ," ಎಂದು ಕೂಗಿದೆ. ನನ್ನ ಬೆನ್ನ ಹಿಂದೆ ಅವಳ ಹೆಜ್ಜೆ ಒಂದು ಕ್ಷಣ ತಡವರಿಸಿತು. ಆಮೇಲೆ ಹಿಂದೆ ಯಾರೂ ಇಲ್ಲದ ರಸ್ತೆಯ ಕಡೆಗೆ ಅವಳೂ ಕೂಗಿದಳು.

"ಲಾರಿ!"

ನನಗೆ ಸಮಾಧಾನವೂ ಆಗಲಿಲ್ಲ, ಅಳುವೂ ಬರಲಿಲ್ಲ. ಕೇಳಿಸಿತು, ಅಷ್ಟೇ. ಕೈ ಇಳಿಸಿ ಅವಳ ಮುಂದೆ ಓಡತೊಡಗಿದೆ. ಎರಡೂ ಕಂಬ ದಾಟುವವರೆಗೆ ಅವಳ ಉಸಿರು ನನ್ನ ಹಿಂದೆಯೇ ಇತ್ತು.