ಕುಲೆಲೆಯ ಹಸಿರು ಮಣಿ

ಬಿಸಿ ಮಣಿಗಳನ್ನು ತಣಿಯಲಿಟ್ಟ ಬೂದಿ ಡಬ್ಬಿಯ ಮುಚ್ಚಳ ತೆಗೆಯುವಾಗ ಸೌನ್ಯಾವ್ ಉಸಿರು ಬಿಗಿಹಿಡಿಯುತ್ತಾಳೆ. ಕೂದಲು ನರೆಯುವಷ್ಟು ಕಾಲ ಗಾಜಿನ ಮಣಿ ಮಾಡಿದ್ದರೂ ಅವಳಿಗೆ ಆ ಹೆದರಿಕೆ ಹೋಗಿಲ್ಲ. ಗುಡ್ಡಗಾಡಿನ ನಮ್ಮ ಪೈವಾನ್ ಜನರಿಗೆ ಮಣಿ ಬರೀ ಒಡವೆಯಲ್ಲ. ಯಾರಿಗಾಗಿ ಮಾಡಿದ್ದೋ ಅವರ ಜೀವದ ಒಂದು ಎಳೆ ಅದರಲ್ಲಿರುತ್ತದೆ ಎನ್ನುತ್ತಾರೆ. ಅವಳು ಗಂಡ ಚಮಾಕ್‌ಗೆಂದು ಮಾಡಿದ ಮಣಿ ಬೂದಿಯಲ್ಲೇ ಸೀಳಿತ್ತು. ಯಾರಿಗೂ ಹೇಳದೆ ಇನ್ನೊಂದು ಮಾಡಿ ಅವನ ಕೊರಳಿಗೆ ಕಟ್ಟಿದ್ದಳು. ಅದೇ ಮಳೆಗಾಲದಲ್ಲಿ ರಸ್ತೆಯ ಮಣ್ಣು ತೆಗೆಯಲು ಹೋದ ಚಮಾಕ್‌ನ ಮೇಲೆ ಗುಡ್ಡ ಕುಸಿಯಿತು.

ಈ ವರ್ಷ ತ್ಯುಕು ಎಂಬ ನೆರೆಮನೆಯವಳು ಮಗಳು ಸೆಲೆಪ್‌ಳ ಮದುವೆಗೆ ಸರ ಮಾಡಿಸಲು ಬಂದಳು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಮಣಿ ಇರಬೇಕು. ಕೊನೆಗೆ ಚೀಲದಿಂದ ಹಸಿರು ಬಾಟಲಿಯೊಂದನ್ನು ತೆಗೆದಳು.

"ಕುಲೆಲೆ ಮಣಿಗೆ ಇದರದ್ದೊಂದು ಚೂರು ಸೇರಿಸೇ. ಹಡಗಿಗೆ ಹೋಗೋ ಮುಂಚೆ ಕುಡಿದು ಕಿಟಕಿಲಿ ಇಟ್ಟಿದ್ದ."

"ಬಿಯರ್ ಬಾಟ್ಲಿನಾ ಅಕ್ಕಾ?"

"ಮತ್ತೆ? ನನ್ ಮಗ ಹಾಲು ಕುಡ್ಕೊಂಡು ಹೋದ ಅಂದ್ಕೊಂಡ್ಯಾ?"

ಇಬ್ಬರೂ ನಕ್ಕರು. ಆಮೇಲೆ ತ್ಯುಕು ಬಾಟಲಿಯ ಧೂಳನ್ನು ಅಂಗೈಯಿಂದ ಒರೆಸಿದಳು. ಕುಲೆಲೆ ಇದ್ದ ಮೀನುಹಡಗು ದಕ್ಷಿಣದ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಮೇಲೆ ಸುದ್ದಿಯೇ ಇರಲಿಲ್ಲ. ಅವನ ಮಣಿ ಇಲ್ಲದೆ ಸರ ಕಟ್ಟಿದರೆ ಅವನು ಸತ್ತನೆಂದು ತಾನೇ ಒಪ್ಪಿ ಕಳಿಸಿಕೊಟ್ಟಂತೆ ಎಂದು ತ್ಯುಕುಗೆ ಅನ್ನಿಸಿತ್ತು.

ಸೌನ್ಯಾವ್ ಎಲ್ಲ ಮಣಿಗಳನ್ನೂ ಒಟ್ಟಿಗೆ ಬಿಸಿ ಬೂದಿಗೆ ಹಾಕಿ ತಣಿಯಲು ಬಿಟ್ಟಳು. ಮಾರನೆಯ ದಿನ ನೋಡಿದರೆ ಕುಲೆಲೆಯದು ಮಾತ್ರ ಎರಡು ಹೋಳು. ಚೂರುಗಳನ್ನು ಚಹಾ ಡಬ್ಬಿಯಲ್ಲಿ ಅಡಗಿಸಿ ಮತ್ತೊಂದು ಮಾಡಿದಳು. ಅದೂ ಒಡೆಯಿತು.

"ಆಯ್ತೇನೇ?" ತ್ಯುಕು ದಿನವೂ ಬಂದು ಕೇಳುತ್ತಿದ್ದಳು.

"ಇನ್ನೂ ತಣಿದಿಲ್ಲ ಅಕ್ಕ."

"ಇಷ್ಟೊತ್ತಿಗೆ ಒಂದು ಇಡೀ ಹಂದಿ ಬೇಯಿಸಿ, ತಿಂದು, ಕೈನೂ ತೊಳ್ಕೊಂಡಿರ್ತಿದ್ವಿ."

ಮೂರನೆಯ ಮಣಿ ಬೂದಿಯಲ್ಲಿದ್ದಾಗ ತ್ಯುಕು ಅಲ್ಲೇ ಅಡಿಕೆ ಜಗಿಯುತ್ತ ಕೂತಿದ್ದಳು. ಡಬ್ಬಿಯೊಳಗೆ ಟಿಕ್ ಎಂದಿತು. ತ್ಯುಕುವಿನ ದವಡೆ ನಿಂತಿತು.

"ಏನದು?"

ಸೌನ್ಯಾವ್ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು.

"ನನ್ ಮುಖ ನೋಡಿ ಹೇಳೇ."

ಸೌನ್ಯಾವ್ ಚಹಾ ಡಬ್ಬಿ ತಂದು ತೆರೆದಿಟ್ಟಳು. ಚಮಾಕ್‌ನ ಮಣಿಯ ವಿಷಯವನ್ನೂ ಅಂದೇ ಮೊದಲ ಸಲ ಬಾಯಿಬಿಟ್ಟಳು.

"ನಂಗೆ ಹೇಳ್ಬೇಕಿತ್ತು ಕಣೇ," ಎಂದಳು ತ್ಯುಕು. "ದಿನಾ ಬಂದು ಹುಚ್ಚಿ ಥರ ಕೇಳ್ತಿದ್ನಲ್ಲೇ."

ಅವಳ ಕಣ್ಣು ತಪ್ಪಿಸಲು ಸೌನ್ಯಾವ್ ಚೂರುಗಳನ್ನು ಬಟ್ಟೆಯ ಮೇಲೆ ಜೋಡಿಸತೊಡಗಿದಳು. ಎಲ್ಲದರಲ್ಲೂ ಬಿರುಕು ಹಸಿರು ಗಾಜಿನ ಅಂಚು ಹಿಡಿದೇ ಓಡಿತ್ತು.

"ಅಕ್ಕ, ಇಲ್ಲಿ ನೋಡು. ಬಾಟ್ಲಿ ಗಾಜಿಗೂ ನನ್ ಗಾಜಿಗೂ ಒಗ್ತಾ ಇಲ್ಲ. ತಣಿಯೋವಾಗ ಒಂದು ಹೆಚ್ಚು ಕುಗ್ಗುತ್ತೆ, ಇನ್ನೊಂದು ಕಡಿಮೆ. ನಂಗಿದು ಗೊತ್ತಿರೋದೇ. ಹೆದರಿಕೇಲಿ ತಲೆಗೇ ಹೋಗ್ಲಿಲ್ಲ."

"ಬಾಟ್ಲಿ ಬಿಟ್ರೆ ಅದು ಅವನ ಮಣಿ ಆಗಲ್ಲ."

"ಬರೀ ಬಾಟ್ಲಿದೇ ಮಾಡ್ತೀನಿ. ಆದ್ರೆ ಅದ್ರ ಮೇಲೆ ನನ್ ಬಣ್ಣದ ಗಾಜಲ್ಲಿ ಚಿತ್ರ ಹಾಕೋಕಾಗಲ್ಲ, ಬೋಳಾಗಿರುತ್ತೆ."

"ಹುಟ್ಟಿದಾಗ ಅವನೂ ಬೋಳೇ ಇದ್ದ. ಮಾಡು."

ಆ ಗಾಜು ಬೇಗ ಕರಗಲಿಲ್ಲ. ಸೌನ್ಯಾವ್ ಗ್ಯಾಸಿನ ಉರಿ ಹೆಚ್ಚಿಸಿ, ಮಣ್ಣು ಸವರಿದ ಕಂಬಿಗೆ ಅದನ್ನು ಮೆಲ್ಲಗೆ ಸುತ್ತಿ ಬೂದಿಯಲ್ಲಿ ಹೂತಳು. ಆಗ ಅವಳಿಗೆ ನಿಜವಾದ ಭಯ ಹಿಡಿಯಿತು. ಇದೂ ಒಡೆದರೆ ಗಾಜಿನ ಮೇಲೆ ತಪ್ಪು ಹೊರಿಸಲಾಗುವುದಿಲ್ಲ.

ತ್ಯುಕು ಮನೆಗೆ ಹೋಗಲಿಲ್ಲ. ಸೆಲೆಪ್ ಎಲೆಯಲ್ಲಿ ಕಟ್ಟಿದ ನವಣೆ ಕಡುಬು ತಂದಿಟ್ಟಳು. ಇಬ್ಬರೂ ಮುಟ್ಟಲಿಲ್ಲ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದರು. ಹಂಚಿನ ಮೇಲೆ ಏನೋ ಬಿದ್ದಾಗ ತ್ಯುಕು ಸೌನ್ಯಾವ್‌ಳ ಮಣಿಕಟ್ಟು ಹಿಡಿದವಳು ಬಹಳ ಹೊತ್ತು ಬಿಡಲೇ ಇಲ್ಲ.

ಮಾರನೆಯ ದಿನ ಮುಚ್ಚಳ ತೆಗೆದಾಗ ತ್ಯುಕು ಗೋಡೆಗೆ ಮುಖ ಮಾಡಿ ನಿಂತಳು. ಸೌನ್ಯಾವ್ ಬೂದಿಯಲ್ಲಿ ಬೆರಳಾಡಿಸಿದಳು. ಮಣಿ ಇಡಿಯಾಗಿತ್ತು. ಮಬ್ಬು ಹಸಿರು, ನಡುವೆ ಒಂದು ಗಾಳಿಗುಳ್ಳೆ.

"ಒಡೆದಿಲ್ಲ ಅಕ್ಕ."

"ಬದುಕಿದಾನೆ, ಅಲ್ವೇನೇ?"

ಹೌದು ಎಂಬ ಮಾತು ಸೌನ್ಯಾವ್‌ಳ ನಾಲಿಗೆಯವರೆಗೂ ಬಂದಿತ್ತು.

"ಮಣಿ ಒಡೆದಿಲ್ಲ. ನಂಗೆ ಗೊತ್ತಿರೋದು ಅಷ್ಟೇ ಅಕ್ಕ."

ತ್ಯುಕು ಅವಳನ್ನೇ ದಿಟ್ಟಿಸಿದಳು. ಆಮೇಲೆ ಅಂಗೈ ಚಾಚಿದಳು.

ಮದುವೆಯ ದಿನ ಎಲ್ಲರೂ ಕೈಕೈ ಹಿಡಿದು ಸುತ್ತುಗಟ್ಟಿ ಕುಣಿದರು. ಸೆಲೆಪ್ ಹೆಜ್ಜೆ ಹಾಕಿದಾಗಲೆಲ್ಲ ಎದೆಯ ಮೇಲಿನ ಮಣಿಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಸೌನ್ಯಾವ್ ಹಸಿರು ಮಣಿಯೊಂದನ್ನೇ ನೋಡುತ್ತಿದ್ದಳು.

"ಮೆಲ್ಲಗೆ ಕುಣೀರೋ!" ಎಂದು ಆಚೆಯಿಂದ ತ್ಯುಕು ಕೂಗಿದಳು.

"ಅಜ್ಜಿಗೆ ಸುಸ್ತಾಯ್ತು!" ಎಂದು ಹುಡುಗರು ನಕ್ಕು ಇನ್ನೂ ಜೋರಾಗಿ ಕಾಲು ಬಡಿದರು.